ದಾಸವಾಳದ ಕುಂಡದ ಇಲಿಯವರಿಗೆ, ಇಲಿವಾರದ ಮುನ್ನಾದಿನ

ಇವರಿಗೆ,
ಶ್ರೀಯುತ ಇಲಿಯವರು,
ಕೆಂಪು ದಾಸವಾಳದ ಕುಂಡದ ಹಿಂಬದಿ, ನೀರಿನ ಟಾಕಿಯ ಕೆಳಗೆ,
ನಮ್ಮ ಸೊಸೈಟಿಯ ಗಚ್ಚಿ (ತಾರಸಿ), ಬಿಬವೇವಾಡಿ, ಪುಣೆ.

ವಿಷಯ: ತಾವು ಹೂಮೊಗ್ಗು ಕತ್ತರಿಸುತ್ತಿರುವ ಬಗ್ಗೆ ದೂರು, ಮತ್ತು ನಾಳೆಯ ಊಟದ ಬಗ್ಗೆ ಒಂದು ವಿನಂತಿ.

ಮಾನ್ಯರೇ,

ಗಣೇಶ ಚತುರ್ಥಿಯ ಈ ಸಂಜೆ ತಮಗೂ ತಮ್ಮ ಕುಟುಂಬಕ್ಕೂ, ಕುಟುಂಬದ ವಿಸ್ತಾರ ನಮಗೆ ಸರಿಯಾಗಿ ತಿಳಿಯದ ಕಾರಣ ಸಮಸ್ತರಿಗೂ ಸೇರಿಸಿಯೇ, ಹಬ್ಬದ ಶುಭಾಶಯ ಕೋರಿ ಬಿನ್ನವಿಸಿಕೊಳ್ಳುವುದೇನೆಂದರೆ, ತಮ್ಮ ಧಣಿಗಳಾದ ಗಣಪತಿಯವರು ಬೆಳಿಗ್ಗೆಯೇ ಆಗಮಿಸಿ ಕಟ್ಟಡದ ತಳಮಹಡಿಯ ಮಂಟಪದಲ್ಲಿಯೂ, ಮೇಲಿನ ಮಹಡಿಯಲ್ಲಿರುವ ನಮ್ಮ ಮನೆಯ ದೇವರ ಜಗಲಿಯ ಮೇಲೂ ಕ್ಷೇಮವಾಗಿ ಆಸೀನರಾಗಿದ್ದಾರೆ. ತಾವೂ ಕ್ಷೇಮವೆಂಬುದು ಕುಂಡದ ಪಕ್ಕದಲ್ಲಿ ಬಿದ್ದಿದ್ದ ತಾಜಾ ಹಿಕ್ಕೆಗಳಿಂದ ತಿಳಿದು ಸಂತೋಷವಾಯಿತು.

ಮೊದಲು ನನ್ನ ಪರಿಚಯ. ನಾನು ಶಿವರುದ್ರಪ್ಪ ಹಟಗಾರ, ಬನಹಟ್ಟಿಯ ನೇಕಾರರ ಮನೆಯವನು, ಈಗ ಬಿಬವೇವಾಡಿಯ ಪೇಟೆಯಲ್ಲಿ ಬ್ಲೌಸ್ ಪೀಸು, ಅಸ್ತರು, ಸೀರೆಯ ಫಾಲು ಮಾರುವ ಸಣ್ಣದೊಂದು ಮ್ಯಾಚಿಂಗ್ ಅಂಗಡಿಯ ಮಾಲೀಕ. ತಾವು ನನ್ನನ್ನು ಲುಂಗಿ ಉಟ್ಟು, ಕೈಯಲ್ಲಿ ಒಂದಲ್ಲ ಒಂದು ಬಾಟಲಿ ಹಿಡಿದು, ದಾಸವಾಳದ ಸುತ್ತ ಬಗ್ಗಿ ಬಗ್ಗಿ ನೋಡುವ ಮನುಷ್ಯನೆಂದು ಬಲ್ಲಿರಿ. ನನ್ನ ಪತ್ನಿ ರುದ್ರವ್ವಳ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಗಚ್ಚಿಯ ಮೇಲಿನ ಗಿಡಗಳೆಲ್ಲ ಆಕೆಯವು, ಮತ್ತು ತಮ್ಮಿಬ್ಬರ ನಡುವಿನ ಸಲುಗೆ ನನಗೆ ತಡವಾಗಿ ತಿಳಿಯಿತು.

ಈ ಪತ್ರ ಕನ್ನಡದಲ್ಲಿದೆಯೆಂದು ತಾವು ಅನ್ಯಥಾ ಭಾವಿಸಬಾರದು. ತಾವು ಪುಣೆಯಲ್ಲಿಯೇ ಹುಟ್ಟಿ ಬೆಳೆದವರಿರಬಹುದು, ತಮ್ಮ ಮನೆಮಾತು ಮರಾಠಿಯೇ ಇರಬಹುದು. ಆದರೆ ಒಂದು ವರ್ಷದಿಂದ ರುದ್ರವ್ವ ನೀರು ಹಾಕುತ್ತ ಗಿಡಗಳೊಡನೆ ಆಡುವ ಮಾತನ್ನೆಲ್ಲ ಟಾಕಿಯ ಕೆಳಗೆ ಕುಳಿತು ಕೇಳಿಸಿಕೊಂಡ ತಮಗೆ ನಮ್ಮ ಕಡೆಯ ಕನ್ನಡ ನನ್ನ ಮಗಳು ಸಪ್ನಾಳಿಗಿಂತ ಚೆನ್ನಾಗಿ ತಿಳಿಯುತ್ತದೆಂದು ನಂಬಿದ್ದೇನೆ. ಬಹಿರಂಗ ಪತ್ರವಾದ್ದರಿಂದ ಒಂದು ಪ್ರತಿಯನ್ನು ಕ್ರಮಪ್ರಕಾರ ಸೊಸೈಟಿಯ ನೋಟಿಸ್ ಬೋರ್ಡಿಗೂ ಅಂಟಿಸಿದ್ದೇನೆ. ಈ ಕಟ್ಟಡದಲ್ಲಿ ಕನ್ನಡ ಓದಬಲ್ಲವರು ನಾನು, ರುದ್ರವ್ವ ಮತ್ತು ತಾವು ಮಾತ್ರ ಆಗಿರುವುದರಿಂದ, ಎಲ್ಲರ ಕಣ್ಣೆದುರಿಗೆ ಇದ್ದೂ ಗುಟ್ಟಾಗಿ ಉಳಿಯುವ ಅನುಕೂಲ ಈ ಪತ್ರಕ್ಕಿದೆ. ಆ ಅನುಕೂಲ ಏಕೆ ಬೇಕಾಯಿತೆಂದು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ತಮ್ಮ ಮನೆತನಕ್ಕೂ ನಮ್ಮ ಮನೆತನಕ್ಕೂ ಇರುವ ಸಂಬಂಧ ಇಂದು ನಿನ್ನೆಯದಲ್ಲ. ನಮ್ಮ ಕಡೆಯ ನೇಕಾರರಲ್ಲಿ ಗಣೇಶ ಚತುರ್ಥಿಯ ಮರುದಿನ ಇಲಿವಾರ. ಅಂದು ಮಗ್ಗ ಸುಮ್ಮನಿರುತ್ತದೆ, ಕತ್ತರಿಯನ್ನು ಕೈಗೆತ್ತಿಕೊಳ್ಳುವುದಿಲ್ಲ, ನೂಲು ಕಡಿಯುವುದಿಲ್ಲ, ಮತ್ತು ಮನೆಯಲ್ಲಿ ಮಾಡಿದ ಕಡಬನ್ನು ಮೊದಲು ಮಗ್ಗದ ಕುಣಿಯಲ್ಲಿ ತಮ್ಮವರಿಗೆ ಎಡೆ ಇಟ್ಟು ಆಮೇಲೆ ನಾವು ಉಣ್ಣುತ್ತೇವೆ. ವರ್ಷಕ್ಕೊಂದು ದಿನ ನಾವು ತಮ್ಮವರನ್ನು ಕರೆದು ಉಣಿಸುವುದು, ಉಳಿದ ದಿನಗಳಲ್ಲಿ ತಮ್ಮವರು ನಮ್ಮ ನೂಲಿಗೂ ಬಟ್ಟೆಗೂ ಹಲ್ಲು ಹಚ್ಚದಿರುವುದು, ಇಷ್ಟೇ ಕರಾರು. ಪುಣೆಗೆ ಬಂದ ಮೇಲೂ ನಾನು ಇದನ್ನು ಮುರಿದಿಲ್ಲ, ಗಣಪತಿ ಹಬ್ಬದ ಗಿರಾಕಿಗಳು ಬಾಗಿಲಲ್ಲಿ ನಿಂತಿರುವಾಗ ಅಂಗಡಿ ಮುಚ್ಚುವ ನನ್ನನ್ನು ಕೆಳಗಿನ ಮಹಡಿಯ ಕೃಷ್ಣಾಬಾಯಿಯವರು ಪ್ರತಿ ವರ್ಷವೂ "ಉಂದರಾಚಿ ಸುಟ್ಟಿ ಕಾ?" ಎಂದು, ಅಂದರೆ ಇಲಿಯ ರಜೆಯೇ ಎಂದು, ಮುಖ ಗಂಭೀರ ಮಾಡಿಕೊಂಡು ವಿಚಾರಿಸುತ್ತಾರೆ. ತಾವೂ ಕರಾರನ್ನು ಚಾಚೂ ತಪ್ಪದೆ ಪಾಲಿಸಿದ್ದೀರಿ. ನನ್ನ ಅಂಗಡಿಯ ಒಂದು ಬ್ಲೌಸ್ ಪೀಸಿಗೂ, ಗಚ್ಚಿಯ ಮೇಲೆ ಒಣಗಹಾಕಿದ ಒಂದು ಸೀರೆಗೂ ತಮ್ಮ ಹಲ್ಲು ತಾಗಿಲ್ಲ. ಕರಾರಿನಲ್ಲಿ ಹೂವಿನ ಮಾತೇ ಬಾರದಿರುವುದು ನಮ್ಮ ಹಿರಿಯರ ಅಜಾಗರೂಕತೆ. ತಮ್ಮಂಥ ಕಾಯದೆ ಬಲ್ಲವರ ಮೇಲೆ ಅದರ ತಪ್ಪು ಹೊರಿಸುವುದು ನ್ಯಾಯವಲ್ಲ.

ಫ್ಲ್ಯಾಟಿನಲ್ಲಿ ಮಗ್ಗವಿಲ್ಲ. ಆದ್ದರಿಂದ ಇಷ್ಟು ವರ್ಷ ರುದ್ರವ್ವ ತನ್ನ ಹೊಲಿಗೆ ಯಂತ್ರದ ಕೆಳಗೆ ಎಡೆ ಇಡುತ್ತಿದ್ದಳು, ಅದು ಇರುವೆಗಳ ಪಾಲಾಗುತ್ತಿತ್ತು, ಶಾಸ್ತ್ರವೂ ಮುಗಿಯುತ್ತಿತ್ತು, ಮನೆಯೂ ಸುರಕ್ಷಿತವಾಗಿರುತ್ತಿತ್ತು. ಹೋದ ವರ್ಷ ಹಡಪಸರದ ಆಫೀಸಿನಲ್ಲಿ ಕೆಲಸ ಮಾಡುವ ಸಪ್ನಾ ಮನೆಯಿಂದಲೇ ಕೆಲಸವೆಂದು ಆ ಮೂಲೆಯಲ್ಲಿ ಮೇಜು ಹಾಕಿ, ಯಂತ್ರವನ್ನು ಮಂಚದ ಕೆಳಗೆ ತಳ್ಳಿದಳು. ರುದ್ರವ್ವ ಎಡೆಯ ತಟ್ಟೆ ಹಿಡಿದು ಮನೆಯೆಲ್ಲ ತಿರುಗಿ, ಕೊನೆಗೆ ಗಚ್ಚಿಗೆ ಬಂದು ಕೆಂಪು ದಾಸವಾಳದ ಕುಂಡದಲ್ಲಿ ಇಟ್ಟಳು. ಆ ಗಿಡದ ಕಡ್ಡಿಯನ್ನು ಆಕೆ ತೇರದಾಳದ ತವರಿನ ಹಿತ್ತಲಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಲ್ಲಿಯ ಒಂದು ಹಿಡಿ ಮಣ್ಣಿನೊಂದಿಗೆ ತಂದಿದ್ದಳು; ಪುಣೆಯಲ್ಲಿ ನಮ್ಮ ಊರಿನ ನೆಲವೆಂದರೆ ಅಷ್ಟೇ. ಮರುದಿನ ಖಾಲಿ ತಟ್ಟೆಯನ್ನು ತಂದು ನನ್ನ ಮುಖಕ್ಕೆ ಹಿಡಿದು, "ನೋಡ್ರಿ, ಪುಣೇದಾಗೂ ಬಂದು ಉಂಡು ಹೋಗ್ಯಾವ" ಎಂದು ಹಿಗ್ಗಿದಳು. ತಾವು ಬಂದದ್ದು ನಿಜ, ಉಂಡದ್ದೂ ನಿಜ. ಹೋದಿರಿ ಎಂಬುದರಲ್ಲಿ ಮಾತ್ರ ಆಕೆ ತಪ್ಪಿದಳು.

ಆ ದಾಸವಾಳದ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ದೂರಿನ ತೂಕ ತಮಗೆ ತಿಳಿಯಲಾರದು. ನನ್ನ ಅಂಗಡಿಯಲ್ಲಿ ಕೆಂಪು ಬಣ್ಣಕ್ಕೆಂದೇ ಒಂದು ಗೋಡೆಯಿದೆ. ಕುಂಕುಮದಿಂದ ಹಿಡಿದು ಇಟ್ಟಂಗಿಯವರೆಗೆ ಎಲ್ಲ ಕೆಂಪೂ ಅಲ್ಲಿವೆ, ಯಾವ ಸೀರೆ ತಂದರೂ ನಾನು ಅದಕ್ಕೆ ಹೊಂದುವ ಪೀಸನ್ನು ಕಣ್ಣಳತೆಯಲ್ಲಿ ತೆಗೆದುಕೊಡುತ್ತೇನೆ. ಆ ಹೂವಿಗೆ ಮಾತ್ರ ನನ್ನಲ್ಲಿ ಜೋಡಿ ಸಿಗಲಿಲ್ಲ. ಎಸಳನ್ನು ಅಂಗಡಿಗೆ ಒಯ್ದು ಬೆಳಕಿಗೆ ಹಿಡಿದು ನೋಡಿದ್ದೇನೆ, ಸೋತಿದ್ದೇನೆ, ಸೋತದ್ದಕ್ಕೆ ಖುಷಿಪಟ್ಟಿದ್ದೇನೆ. ಹೋದ ಇಲಿವಾರದಿಂದ ಈಚೆಗೆ ಆ ಹೂವು ಒಂದೂ ಪೂರ್ತಿ ಅರಳಿಲ್ಲ. ಮೊಗ್ಗು ಬಣ್ಣ ತೋರಿಸುವವರೆಗೆ ತಾವು ತಾಳ್ಮೆಯಿಂದ ಕಾಯುತ್ತೀರಿ, ನಾಳೆ ಅರಳುತ್ತದೆ ಎನ್ನುವಾಗ ಬಂದು ತೊಟ್ಟಿನಿಂದ ಕತ್ತರಿಸಿ ಒಯ್ಯುತ್ತೀರಿ. ಮುಹೂರ್ತ ನೋಡುವುದರಲ್ಲಿ ತಮ್ಮಷ್ಟು ನಿಷ್ಠೆ ನಮ್ಮ ಊರ ಅಯ್ಯಗಳಿಗೂ ಇರಲಿಲ್ಲ.

ತಮ್ಮ ಗುರುತು ಹಚ್ಚಲು ನಾನು ಪಟ್ಟ ಶ್ರಮವನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಬಟ್ಟೆಯ ಅಂಚು ನೋಡಿದರೆ ಸಾಕು, ಕತ್ತರಿ ಬಿದ್ದದ್ದೋ, ಕೈಯಿಂದ ಹರಿದದ್ದೋ, ನುಸಿ ತಿಂದದ್ದೋ ಎಂದು ಹೇಳಬಲ್ಲ ನನಗೆ ಹೂವು ತಿಂದವರನ್ನು ಹಿಡಿಯುವುದು ಎಷ್ಟರ ಮಾತು ಎಂಬ ಹಮ್ಮು ಇತ್ತು. ಮೊದಲ ಬಾರಿ ಕುಂಡದ ಸುತ್ತ ಎಸಳು ಹರಿದು ಬಿದ್ದಿದ್ದವು. ಇದು ಹರಿದ ಅಂಚು, ಕೊಕ್ಕಿನ ಕೆಲಸ, ಪಾರಿವಾಳವೇ ಸರಿ ಎಂದು ತೀರ್ಪು ಕೊಟ್ಟು, ನೈಲಾನ್ ಬಲೆ ತಂದು ಗಿಡಗಳ ಮೇಲೆಲ್ಲ ಹೊದಿಸಿದೆ. ಬಲೆಯ ಭಾರಕ್ಕೆ ಸೇವಂತಿಗೆಯ ಕುಡಿಗಳು ಮುರಿದವು, ಒಂದು ಪಿಕಳಾರ ಹಕ್ಕಿಯ ಕಾಲು ಸಿಕ್ಕಿಕೊಂಡು ರುದ್ರವ್ವ ಅದನ್ನು ಬಿಡಿಸಲು ಹೋಗಿ ಕೈ ಕುಕ್ಕಿಸಿಕೊಂಡಳು, ಮತ್ತು ಅದುವರೆಗೆ ನಮ್ಮ ಗಚ್ಚಿಯಲ್ಲಿ ಸರಿಯಾದ ಜಾಗ ಸಿಗದೆ ಅಲೆಯುತ್ತಿದ್ದ ಪಾರಿವಾಳದ ಜೋಡಿಯೊಂದು ಬಲೆಯ ಮೇಲೆಯೇ ಗೂಡು ಕಟ್ಟಿ ಸಂಸಾರ ಹೂಡಿತು. ದಾಸವಾಳದ ಮುಂದಿನ ಮೊಗ್ಗು ಬಲೆಯ ಒಳಗೇ ಕತ್ತರಿಸಿಹೋಯಿತು.

ಆಗ ಸಪ್ನಾ ಫೋನಿನಲ್ಲಿ ಏನನ್ನೋ ಓದಿ, "ಪಪ್ಪಾ, ತೊಟ್ಟು ಓರೆಯಾಗಿ ಸ್ವಚ್ಛ ಕಟ್ ಆಗಿದ್ರ ಅದು ಇಲೀನ ಅಂತ, ಲಾಂಬ ಲಾಂಬ ಹಿಕ್ಕಿನೂ ಇರತಾವ ಅಂತ" ಎಂದಳು. ಓರೆ ಕಡಿತ, ಉದ್ದನೆಯ ಹಿಕ್ಕೆ, ಎರಡೂ ಇದ್ದವು. ಇಷ್ಟರಲ್ಲಿ ಮುಗಿಯಬೇಕಿದ್ದ ವಿಷಯ ಮುಗಿಯದಿರಲು ನನ್ನ ಉತ್ಸಾಹವೇ ಕಾರಣ. ಬೋನು ತಂದು ಅದರಲ್ಲಿ ಮಿರ್ಚಿ ಭಜಿ ಸಿಕ್ಕಿಸಿಟ್ಟೆ. ಬೆಳಿಗ್ಗೆ ಒಳಗೆ ಉದ್ದ ಮೂತಿಯ, ಸಣ್ಣ ಕಣ್ಣಿನ, ವಿಪರೀತ ನಾತದ ಒಬ್ಬರು ಕುಳಿತಿದ್ದರು. ಅವರು ತಾವೇ ಎಂದು ತಿಳಿದು ನಾನು ಮೀಸೆ ತಿರುವಿದೆ. ರುದ್ರವ್ವ "ಕೊಲ್ಲೂದು ಗಿಲ್ಲೂದು ನಡೆಯಂಗಿಲ್ಲ ನೋಡ್ರಿ" ಎಂದು ಮೊದಲೇ ತಾಕೀತು ಮಾಡಿದ್ದರಿಂದ, ಬೋನನ್ನು ಚೀಲದಲ್ಲಿ ಮುಚ್ಚಿ ಸ್ಕೂಟರಿನಲ್ಲಿ ಯೆರವಡಾದವರೆಗೆ ಒಯ್ದು, ದೊಡ್ಡ ಜೈಲಿನಿಂದಾಗಿ ಅಪರಾಧಿಗಳ ವಸತಿಗೆ ಹೆಸರಾದ ಆ ಭಾಗದಲ್ಲಿ ಇನ್ನೊಬ್ಬರು ಸೇರಿದರೆ ಯಾರಿಗೂ ಭಾರವಾಗದೆಂದು ಒಂದು ಪೊದೆಯ ಬಳಿ ಬಿಟ್ಟು ಬಂದೆ. ಅವರು ಸೊಂಡಿಲಿಯವರೆಂದೂ, ಹೂವಿನ ಕಡೆ ಕಣ್ಣೆತ್ತಿಯೂ ನೋಡದವರೆಂದೂ, ಹುಳಹುಪ್ಪಟೆ ತಿಂದು ಗಿಡ ಕಾಯುತ್ತಿದ್ದ ಪುಣ್ಯಾತ್ಮರೆಂದೂ ಆಮೇಲೆ ಸಪ್ನಾಳ ಫೋನು ತಿಳಿಸಿತು. ಗಡೀಪಾರಾದ ನಿರಪರಾಧಿಯ ಕ್ಷಮೆ ಕೇಳಲು ನನ್ನಲ್ಲಿ ವಿಳಾಸವಿಲ್ಲ. ತಮ್ಮ ಬಳಗದಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದರೆ ನನ್ನ ಪರವಾಗಿ ಒಂದು ಮಾತು ಹೇಳಬೇಕೆಂದು ಕೋರುತ್ತೇನೆ.

ಕಾವಲುಗಾರರು ಹೋದರು, ಮಳೆ ಬಂತು, ಬಸವನಹುಳುಗಳು ಬಂದವು. ಅವರು ತಮ್ಮ ಹಾಗೆ ಗುಟ್ಟಿನವರಲ್ಲ. ತಿಂದ ಎಲೆಯ ಮೇಲೆ ಬೆಳ್ಳಿಯ ಗೆರೆ ಎಳೆದು ಸಹಿ ಮಾಡಿ ಹೋಗುತ್ತಾರೆ. ಉಪ್ಪು ಹಾಕಿದರೆ ಕರಗುತ್ತಾರೆಂದು ಯಾರೋ ಹೇಳಿದರು. "ಹೆಸರಿನ್ಯಾಗ ಬಸವಣ್ಣ ಅದಾನ, ಉಪ್ಪು ಹಾಕತೀರಿ?" ಎಂದು ರುದ್ರವ್ವ ಉಪ್ಪಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕುಂಡದ ಸುತ್ತ ತತ್ತಿಯ ಸಿಪ್ಪೆ ಚೆಲ್ಲಬೇಕೆಂದು ಮತ್ತೊಂದು ಸಲಹೆ ಬಂತು. ತತ್ತಿ ಹೊಸ್ತಿಲು ದಾಟದ ಮನೆ ನಮ್ಮದು. ಉಳಿದದ್ದು ಬೀರು, ಕುಡಿಯುವ ಬೀರು. ತಟ್ಟೆಯಲ್ಲಿ ಬೀರು ಇಟ್ಟರೆ ಬಸವನಹುಳುಗಳು ವಾಸನೆಗೆ ಬಂದು, ಸಂತೋಷದಿಂದ ಮುಳುಗಿ, ನೋವಿಲ್ಲದೆ ತೀರಿಕೊಳ್ಳುತ್ತವೆ ಎಂದು ಓದಿ, ಜನ್ಮದಲ್ಲಿ ಆ ಕಡೆ ಸುಳಿಯದ ನಾನು ಮುಖಕ್ಕೆ ಟವಲು ಸುತ್ತಿಕೊಂಡು ವೈನ್ ಶಾಪಿನ ಸಾಲಿನಲ್ಲಿ ನಿಂತೆ. ಸರಿಯಾಗಿ ಬಾಟಲಿ ಕೈಗೆ ಬರುವ ಹೊತ್ತಿಗೆ ಕೃಷ್ಣಾಬಾಯಿಯವರು ತರಕಾರಿ ಚೀಲ ಹಿಡಿದು ಎದುರಿಗೆ ಬಂದರು. ಹೂಗಿಡಕ್ಕೆ ಎಂದು ನಾನು ಹೇಳಿದೆ. ಅವರು ಬಹಳ ಮರ್ಯಾದಸ್ಥರು. ಹೌದು, ನಮ್ಮವರೂ ಹಾಗೆಯೇ ಹೇಳುತ್ತಿದ್ದರು ಎಂದು ಮರಾಠಿಯಲ್ಲಿ ಸಮಾಧಾನ ಹೇಳಿ ಮುಂದೆ ಹೋದರು.

ಮರುದಿನ ಬೆಳಿಗ್ಗೆ ಬಸವನಹುಳುಗಳು ತಟ್ಟೆಯ ಸುತ್ತ ಎಚ್ಚರವಾಗಿ ಓಡಾಡಿಕೊಂಡಿದ್ದವು, ತಟ್ಟೆ ಮಾತ್ರ ಒರೆಸಿಟ್ಟಂತೆ ಖಾಲಿಯಾಗಿತ್ತು. ಈ ಬಗ್ಗೆ ತಮ್ಮನ್ನು ನೇರವಾಗಿ ಕೇಳುವುದು ಸಭ್ಯತೆಯಲ್ಲ. ಆ ದಿನ ಮಧ್ಯಾಹ್ನದವರೆಗೂ ಟಾಕಿಯ ಕೆಳಗಿನಿಂದ ಯಾವ ಸದ್ದೂ ಬರಲಿಲ್ಲವೆಂದಷ್ಟೇ ಇಲ್ಲಿ ದಾಖಲಿಸುತ್ತೇನೆ.

ಕೊನೆಯದಾಗಿ ನಾನು ಸ್ವಂತ ಬುದ್ಧಿ ಓಡಿಸಿದೆ. ಬ್ಯಾಡಗಿ ಮೆಣಸಿನಕಾಯಿ ಖಾರವೇ ಅಲ್ಲವೆಂದು ಗುಂಟೂರಿನದನ್ನೂ ಸೇರಿಸಿ, ಬೆಳ್ಳುಳ್ಳಿ ಅರೆದು ಹಾಕಿ, ಬೇವಿನೆಣ್ಣೆ ಬೆರೆಸಿ, ಸುಡುಬಿಸಿಲಿನಲ್ಲಿ ನಿಂತು ಎಲ್ಲ ಗಿಡಗಳಿಗೂ ಸಿಂಪಡಿಸಿದೆ. ಮಲ್ಲಿಗೆ ಸಂಜೆಗೆ ಕಪ್ಪಾಯಿತು, ಗುಲಾಬಿ ಎಲೆ ಉದುರಿಸಿತು, ಅಳಿದುಳಿದ ಸೇವಂತಿಗೆ ತಲೆ ಬಾಗಿಸಿದ್ದು ಮತ್ತೆ ಎತ್ತಲಿಲ್ಲ. ಇಲಿಯ ಕಾಟಕ್ಕೆ ಮನೆಗೆ ಬೆಂಕಿ ಹಚ್ಚಿದರೆಂದು ಗಾದೆಯಲ್ಲಿ ಕೇಳಿದ್ದೆ, ಹಚ್ಚಿದವನ ಹೆಸರು ಈಗ ತಿಳಿಯಿತು. ದಾಸವಾಳವೊಂದು ಉಳಿಯಲು ಕಾರಣ ಇಷ್ಟೇ: ರುದ್ರವ್ವ ಅದರ ಮುಂದೆ ನಿಂತು, "ಇದಕ್ಕ ಹೊಡಿಯೂದಿದ್ರ ಮೊದಲ ನನಗ ಹೊಡೀರಿ" ಎಂದಳು. ಕಣ್ಣುರಿಯಿಂದ ಇಬ್ಬರೂ ಅಳುತ್ತಲೇ ಕೆಳಗಿಳಿದೆವು. ನನ್ನ ಕಣ್ಣೀರು ಪೂರ್ತಿ ಮೆಣಸಿನಕಾಯಿಯದಾಗಿರಲಿಲ್ಲ.

ಆ ದಿನವೇ ಆಕೆ ನನ್ನನ್ನು ಟಾಕಿಯ ಹಿಂದೆ ಕರೆದೊಯ್ದು ತಮ್ಮ ದರ್ಶನ ಮಾಡಿಸಿದಳು. ಒಣಗಿದ ಕೆಂಪು ಮೊಗ್ಗುಗಳ ಮೆತ್ತೆಯ ಮೇಲೆ, ಅವೆಲ್ಲವೂ ಆ ಗಿಡದವೇ, ತಾವು ಕುಳಿತು ಮುಖ ತೊಳೆದುಕೊಳ್ಳುತ್ತಿದ್ದಿರಿ. ಇಷ್ಟು ದಿನ ಏಕೆ ಹೇಳಲಿಲ್ಲವೆಂದು ನಾನು ರೇಗಿದರೆ, "ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ಕರದು ಉಣಿಸಿದವರು ನಾವ, ಮತ್ತ ಬಂದ್ರ ಯಾಕ ಬಂದಿ ಅಂತ ಹೆಂಗ ಕೇಳೂದ್ರಿ" ಎಂದಳು. ಗುಡ್ಡ ಅಗೆದು ಇಲಿ ಹಿಡಿದವರನ್ನು ಜನ ನಗುತ್ತಾರೆ. ನಾನು ಗುಡ್ಡವನ್ನೂ ಅಗೆದೆ, ಇಲಿಯನ್ನೂ ಹಿಡಿಯಲಿಲ್ಲ. ನ್ಯಾಯವಾಗಿ ನೋಡಿದರೆ ತಾವು ತಿಂದದ್ದು ಒಂದೇ ಗಿಡದ ಮೊಗ್ಗು. ಉಳಿದ ಗಿಡಗಳನ್ನು ಹಾಳುಗೆಡವಿದ ಪ್ರಾಣಿಯ ಗುರುತು ಹಚ್ಚಲು ಸಪ್ನಾಳ ಫೋನು ಬೇಕಿಲ್ಲ, ಬಚ್ಚಲಿನ ಕನ್ನಡಿ ಸಾಕು.

ಅಂದಿನಿಂದ ನಾನು ಶಸ್ತ್ರ ಕೆಳಗಿಟ್ಟಿದ್ದೇನೆ. ಒಂದೇ ಒಂದು ಮೊಗ್ಗಿಗೆ ಅಂಗಡಿಯ ಮಲಮಲ್ ಬಟ್ಟೆಯಿಂದ ಸಣ್ಣ ಚೀಲ ಹೊಲಿಸಿ ತೊಡಿಸಿದ್ದೇನೆ. ಬಟ್ಟೆಗೆ ಹಲ್ಲು ಹಚ್ಚಬಾರದೆಂಬ ಕರಾರು ತಮಗೆ ನೆನಪಿದೆಯೆಂಬ ಧೈರ್ಯದ ಮೇಲೆ ಮಾಡಿದ ಕೆಲಸವದು, ಮತ್ತು ತಾವು ನನ್ನ ಧೈರ್ಯವನ್ನು ಉಳಿಸಿದಿರಿ. ಚೀಲದ ಸುತ್ತ ತಿರುಗಿದ ಗುರುತಿದೆ, ಒಂದು ಎಳೆಯೂ ಕಡಿದಿಲ್ಲ. ಈ ಚತುರ್ಥಿಗೆ ಆ ಹೂವನ್ನು ಗಣಪತಿಗೆ ಏರಿಸಬೇಕೆಂದು ರುದ್ರವ್ವ ಕಾದಿದ್ದಳು. ಇಂದು ಬೆಳಿಗ್ಗೆ ಚೀಲ ಸರಿಸಿ ನೋಡಿದರೆ ಮೊಗ್ಗು ಇನ್ನೂ ಬಿಗಿದುಕೊಂಡೇ ಇತ್ತು. ಗಣಪತಿಗೆ ಮಾರ್ಕೆಟ್ ಯಾರ್ಡಿನ ಹೂವನ್ನೇ ಏರಿಸಿದೆವು. "ನಾಳಿ ಅರಳತದ. ನಾಳಿನೂ ಗಣಪತಿ ಇರತಾನ ಬಿಡ್ರಿ" ಎಂದು ಆಕೆ ತನಗೆ ತಾನೇ ಹೇಳಿಕೊಂಡಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸೊಸೈಟಿಯ ಕಾರ್ಯದರ್ಶಿಗಳಾದ ಅಭಿಲಾಷ ಅವರ ಹೊಸ ಕಾರಿನ ವೈರುಗಳನ್ನು ಯಾರೋ ಕಡಿದಿದ್ದಾರೆ. ಅದು ತಾವಲ್ಲವೆಂದು ನಾನು ನಂಬುತ್ತೇನೆ. ತಮ್ಮ ರುಚಿ ಬೇರೆ. ಆದರೆ ಮೀಟಿಂಗಿನಲ್ಲಿ ಗಚ್ಚಿಯ ಕುಂಡಗಳಿಂದಲೇ ಇಲಿಗಳಾದವೆಂದು ಮಾತು ಬಂತು, ಪಾರಿವಾಳದ ಗೂಡಿನ ಮಾತೂ ಬಂತು, ಕೃಷ್ಣಾಬಾಯಿಯವರು ನನ್ನ ಕಡೆ ನೋಡಿ ಬೀರಿನ ಮಾತು ಎತ್ತದೆ ಉಪಕಾರ ಮಾಡಿದರು. ಕೊನೆಗೆ ತೀರ್ಮಾನವಾದದ್ದು ಇದು: ಪೆಸ್ಟ್ ಕಂಟ್ರೋಲಿನವರು ಬಂದು ಗಚ್ಚಿಯಿಂದ ಪಾರ್ಕಿಂಗಿನವರೆಗೆ ಪಾಷಾಣ ಇಡುವುದು, ಅದರ ಮೇಲೂ ಗಚ್ಚಿಯಲ್ಲಿ ಒಂದು ಇಲಿ ಕಂಡರೂ ರುದ್ರವ್ವಳ ಕುಂಡಗಳನ್ನೆಲ್ಲ ಇಳಿಸಿ ತೆರವು ಮಾಡುವುದು. ಹಬ್ಬದ ಮರುದಿನ ಎಲ್ಲರೂ ಮನೆಯಲ್ಲಿಯೇ ಇರುತ್ತಾರೆಂದು ಅದಕ್ಕೆ ನಾಳೆಯ ದಿನವನ್ನೇ ಗೊತ್ತುಮಾಡಿದ್ದಾರೆ.

ನಾಳೆ ಇಲಿವಾರ ಎಂದು ನಾನು ಎದ್ದು ನಿಂತು ಹೇಳಿದೆ. ಒಂದು ದಿನ ಮುಂದೆ ಹಾಕಿರೆಂದೆ. ಧಣಿ ತಳಮಹಡಿಯಲ್ಲಿ ಮೋದಕ ತಿನ್ನುತ್ತಿರುವಾಗ ಅವನ ವಾಹನಕ್ಕೆ ಗಚ್ಚಿಯಲ್ಲಿ ವಿಷ ಇಡುವುದು ಯಾವ ಪದ್ಧತಿ ಎಂದೆ. ಅಭಿಲಾಷ ಅವರು ತಾಳ್ಮೆಯಿಂದ, "ಕಾಕಾ, ತೋ ಉಂದೀರ್ ವೇಗಳಾ, ಹಾ ವೇಗಳಾ" ಎಂದರು. ಆ ಇಲಿ ಬೇರೆ, ಈ ಇಲಿ ಬೇರೆ. ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಈ ಎರಡು ಇಲಿಗಳ ಗುರುತು ಹಚ್ಚಲು ಇಂದಿಗೂ ಬಂದಿಲ್ಲ.

ಮನೆಗೆ ಬಂದು ರುದ್ರವ್ವಳಿಗೆ ಎಲ್ಲವನ್ನೂ ಹೇಳಿದೆ. ತಮಗೆ ಸ್ಪಷ್ಟವಾಗಿಯೇ ಹೇಳುತ್ತೇನೆ, ಸುಮ್ಮನಿದ್ದರೆ ನನಗೆ ಲಾಭವೇ ಇತ್ತು. ತಾವು ನಾಳೆ ಪಾಷಾಣ ತಿಂದು ತೀರಿಕೊಂಡರೆ ಗಿಡ ಉಳಿಯುತ್ತದೆ, ಹೂವು ಅರಳುತ್ತದೆ, ವರ್ಷದ ನನ್ನ ಹೋರಾಟಕ್ಕೆ ಪರರ ಖರ್ಚಿನಲ್ಲಿ ಜಯ ಸಿಗುತ್ತದೆ. ತಾವು ಬದುಕಿ ಯಾರ ಕಣ್ಣಿಗಾದರೂ ಬಿದ್ದರೆ ರುದ್ರವ್ವಳ ಕುಂಡಗಳು ಹೋಗುತ್ತವೆ. ಈ ಊರಿನಲ್ಲಿ ಆಕೆ ತನ್ನ ಮಾತಿನಲ್ಲಿ ಬಾಯಿ ತುಂಬ ಮಾತಾಡುವುದು ಗಚ್ಚಿಯ ಮೇಲೆ ಮಾತ್ರ. ಅದು ಹೋದರೆ ಏನು ಉಳಿಯುತ್ತದೆಂದು ಯೋಚಿಸಿದರೆ ನನಗೆ ಹೆದರಿಕೆಯಾಗುತ್ತದೆ.

ಇಂದು ಮಧ್ಯಾಹ್ನ ಆಕೆ ನಾಳೆಯ ಕಡಬಿಗೆ ಬೆಲ್ಲ ಜಜ್ಜುತ್ತ ಕುಳಿತಿದ್ದಳು. ಎಡೆ ಇಡುವುದು ಬೇಡವೇನೋ ಎಂದು ನಾನು ಮೆಲ್ಲಗೆ ಹೇಳಿನೋಡಿದೆ. "ಇಡಲಾರದ ಬಿಟ್ರ ಹಸದು ಹೋಗಿ ವಿಷಾನ ತಿಂತದ. ಹೊಟ್ಟಿ ತುಂಬಿದ್ರ ಬ್ಯಾರೇದಕ್ಕ ಬಾಯಿ ಹಾಕೂದಿಲ್ಲ" ಎಂದಳು. ಆಮೇಲೆ ಬೆಲ್ಲದ ಕಲ್ಲು ಕೆಳಗಿಟ್ಟು ನನ್ನ ಮುಖ ನೋಡಿ ಕೇಳಿದಳು: "ಅವ್ರೂ ಹಿಟ್ಟಿನ್ಯಾಗ ಬೆಲ್ಲಾನ ಕಲಸಿ ಇಡತಾರಂತ. ಯಾವುದು ನಮ್ಮದು, ಯಾವುದು ವಿಷ, ಅದಕ್ಕ ಹೆಂಗ ಗೊತ್ತಾಗಬೇಕ್ರಿ? ನಮ್ಮ ಕೈಯಾಂದು ಅಂತ ನಂಬಿ ತಿಂದು ಸತ್ರ, ಕರದು ಕೊಂದಂಗ ಆಗೂದಿಲ್ಲೇನು?"

ಒಂದು ವರ್ಷ ನಾನು ಹರಿದ ಅಂಚು, ಓರೆ ಕಡಿತ, ಹಿಕ್ಕೆ, ಬೆಳ್ಳಿಯ ಗೆರೆ ಎಂದು ಪ್ರಾಣಿಗಳ ಗುರುತು ಹುಡುಕುತ್ತ ತಿರುಗಿದೆ. ಪ್ರಾಣಿಗೆ ನಮ್ಮ ಗುರುತು ಹೇಗೆ ಸಿಗಬೇಕೆಂದು ಯೋಚಿಸಿರಲಿಲ್ಲ. ಎದ್ದು ಗಚ್ಚಿಗೆ ಬಂದು ಮಲಮಲ್ ಚೀಲದ ಮುಂದೆ ಕುಳಿತು, ಕೆಳಗಿಳಿದು ಹೋಗಿ, ನಾಳೆಯ ಹೂವನ್ನು ಗಣಪತಿಗೆ ಏರಿಸುವುದು ಬೇಡ, ಎಡೆಯ ಮೇಲೆ ಇಡೋಣ ಎಂದೆ. ರುದ್ರವ್ವ ಜಜ್ಜಿದ ಬೆಲ್ಲವನ್ನು ಡಬ್ಬಿಗೆ ತುಂಬಿದಳು. ಆಮೇಲೆ, "ಇಡೋಣ ತಗೋರಿ. ಗಣಪತಿಗೆ ನಾ ಹೇಳತೀನಿ" ಎಂದಳು.

ಆದ್ದರಿಂದ ತಮ್ಮಲ್ಲಿ ಸವಿನಯ ವಿನಂತಿ ಏನೆಂದರೆ, ನಾಳೆ ಗಚ್ಚಿಯ ಮೇಲೆ, ಮೆಟ್ಟಿಲಿನ ಮೇಲೆ, ಪಾರ್ಕಿಂಗಿನಲ್ಲಿ ತಮಗೆ ಬಹಳ ಕಡೆ ಬೆಲ್ಲದ ವಾಸನೆ ಬರುತ್ತದೆ, ಬಹಳ ಜನ ತಮ್ಮನ್ನು ಊಟಕ್ಕೆ ಕರೆಯುತ್ತಾರೆ. ಕೆಂಪು ಹೂವು ಇಲ್ಲದ ಯಾವ ಊಟವನ್ನೂ ತಾವು ಸ್ವೀಕರಿಸಬಾರದು. ದಾಸವಾಳದ ಕುಂಡದಲ್ಲಿ, ತೇರದಾಳದ ಮಣ್ಣಿನ ಮೇಲೆ, ಆ ಹೂವು ಹೊತ್ತ ಕಡಬು ಇರುತ್ತದೆ. ಅದು ಮಾತ್ರ ನಮ್ಮದು. ಆ ಕೆಂಪು ಇಡೀ ಪುಣೆಯಲ್ಲಿ ಬೇರೆ ಯಾರ ಬಳಿಯೂ ಇಲ್ಲವೆಂದು ಬಣ್ಣ ಮಾರಿಯೇ ತಲೆ ಬೆಳ್ಳಗೆ ಮಾಡಿಕೊಂಡ ನಾನು ಖಾತ್ರಿ ಕೊಡುತ್ತೇನೆ. ಹೊಟ್ಟೆ ತುಂಬ ಉಂಡು, ಉಳಿದದ್ದನ್ನು ಕಟ್ಟಿಕೊಂಡು, ನೀರಿನ ಪೈಪು ಹಿಡಿದು ಹಿಂಬದಿಯಿಂದ ಇಳಿದು, ತಾವು ಸಕುಟುಂಬರಾಗಿ ಬೇರೆಡೆಗೆ ದಯಮಾಡಿಸಬೇಕು. ಯೆರವಡಾದಲ್ಲಿ ತಮಗೆ ಈಗಾಗಲೇ ಪರಿಚಯದವರಿದ್ದಾರೆ. ಬಿಬವೇವಾಡಿಯನ್ನೇ ಬಿಡಲಾಗದಿದ್ದರೆ, ಕಾರ್ಯದರ್ಶಿಗಳ ಕಣ್ಣಿಗೆ ಬೀಳದ ಹಾಗೆ ಬಾಳುವ ಕಲೆಯನ್ನು ತಾವು ಕಲಿಯಬೇಕು. ಅದು ಕಷ್ಟವಲ್ಲ, ನಾವೂ ಈ ಊರಿಗೆ ಬಂದ ಹೊಸತರಲ್ಲಿ ಕಲಿತೆವು. ಮುಂದಿನ ಇಲಿವಾರಕ್ಕೆ ಮಾತ್ರ, ಗಿಡ ಇದ್ದರೆ ಗಿಡದ ಬುಡಕ್ಕೆ, ಇಲ್ಲದಿದ್ದರೆ ಸಪ್ನಾಳ ಮೇಜಿನ ಕೆಳಗೆ, ತಪ್ಪದೆ ಬರಬೇಕು.

ಈ ಪತ್ರವನ್ನು ಓದಿದ ಮೇಲೆ ತಾವು ಕಡಿದುಹಾಕಿದರೆ ನನ್ನ ಆಕ್ಷೇಪವಿಲ್ಲ; ಕಾಗದವೂ ಕರಾರಿನಲ್ಲಿ ಸೇರಿಲ್ಲ.

ಇಂತಿ, ನಾಳೆಯ ಒಂದು ಹೊತ್ತಿನ ಊಟದ ಮಟ್ಟಿಗಾದರೂ ತಾವು ನಂಬಲೇಬೇಕಾದ

ತಮ್ಮ ವಿಶ್ವಾಸಿ,
ಶಿವರುದ್ರಪ್ಪ ಹಟಗಾರ

ತಾ.ಕ.: ಎಡೆಯ ಮೇಲೆ ಹೂವನ್ನು ಇಡುವುದು ಗುರುತಿಗಾಗಿ ಮಾತ್ರ. ಒಂದು ವರ್ಷದಿಂದ ನಾನು ಅದು ಅರಳಿದ್ದನ್ನು ಪೂರ್ತಿ ನೋಡಿಲ್ಲ. ದಯವಿಟ್ಟು ಅದನ್ನು ತಿನ್ನಬಾರದು.